ಜೇನಿನ ಪರಿಶುದ್ಧತೆ: ಬೆಂಕಿಕಡ್ಡಿಯ ಸಾಕ್ಷ್ಯ ಸಾಲದು

ಶುದ್ಧ ಜೇನನ್ನು ಗುರುತಿಸುವುದು ಹೇಗೆ ಎಂದು ಯಾರನ್ನೇ ಕೇಳಿ ನೋಡಿ. ಉತ್ತರ ಸಿದ್ಧವಾಗಿರುತ್ತದೆ. ನೀರಿಗೆ ಒಂದು ತೊಟ್ಟು ಬಿಟ್ಟರೆ ಕರಗದೆ ತಳ ಸೇರಬೇಕು. ಜೇನಿನಲ್ಲಿ ಅದ್ದಿದ ಬೆಂಕಿಕಡ್ಡಿ ಗೀರಿದೊಡನೆ ಹೊತ್ತಿಕೊಳ್ಳಬೇಕು. ನಾಯಿ ಮೂಸಿ ನೋಡಿ ಬಿಟ್ಟು ಹೋಗಬೇಕು. ಇರುವೆ ಹತ್ತಬಾರದು. ಅಂಗೈಯಲ್ಲಿ ಸುಣ್ಣದೊಂದಿಗೆ ಕಲಸಿದರೆ ಬಿಸಿಯಾಗಬೇಕು. ಇತ್ತೀಚೆಗೆ ಈ ಪಟ್ಟಿಗೆ ಇನ್ನೊಂದು ಸೇರಿದೆ. ತಟ್ಟೆಯಲ್ಲಿ ಜೇನು ಸುರಿದು ಮೇಲೆ ನೀರು ಹಾಕಿ ಅಲುಗಿಸಿದರೆ ಗೂಡಿನ ಆರು ಮೂಲೆಯ ಕೋಣೆಗಳ ಚಿತ್ರ ಮೂಡಬೇಕಂತೆ!

ಈ ಪರೀಕ್ಷೆಗಳು ಬಾಯಿಂದ ಬಾಯಿಗೆ ಹರಡಿದ ನಂಬಿಕೆಗಳಾಗಿದ್ದರೆ ಇಷ್ಟು ದೀರ್ಘ ವಿಮರ್ಶೆ ಬೇಕಿರಲಿಲ್ಲ. ಆದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಮನೆಯಲ್ಲೇ ಕಲಬೆರಕೆ ಪತ್ತೆಹಚ್ಚಲು ಹೊರತಂದಿರುವ 'ಡಾರ್ಟ್' ಕೈಪಿಡಿಯಲ್ಲೂ ನೀರಿನ ಲೋಟದ ಪರೀಕ್ಷೆ ಮತ್ತು ಹತ್ತಿಯ ಬತ್ತಿ ಉರಿಸುವ ಪರೀಕ್ಷೆ ಜಾಗ ಪಡೆದಿವೆ. ಶಾಲೆಗಳ ವಿಜ್ಞಾನ ಸಂಘಗಳಲ್ಲಿ, ಗ್ರಾಹಕ ಜಾಗೃತಿ ಶಿಬಿರಗಳಲ್ಲಿ ಇವನ್ನೇ ಮಾಡಿ ತೋರಿಸಲಾಗುತ್ತದೆ. ಆದ್ದರಿಂದ ಜೇನನ್ನು ಪರೀಕ್ಷಿಸುವ ಮೊದಲು ಈ ಪರೀಕ್ಷೆಗಳನ್ನೇ ಒಮ್ಮೆ ಪರೀಕ್ಷಿಸೋಣ.

ಪರೀಕ್ಷೆಗೊಂದು ಪರೀಕ್ಷೆ

ಯಾವುದೇ ಪರೀಕ್ಷೆ ಎರಡು ಕೆಲಸ ಮಾಡಬೇಕು. ಕಲಬೆರಕೆಯನ್ನು ಹಿಡಿಯಬೇಕು, ಶುದ್ಧ ಪದಾರ್ಥವನ್ನು ಕಲಬೆರಕೆ ಎಂದು ದೂರಬಾರದು. ಕಳ್ಳನನ್ನು ಬಿಟ್ಟು ಸಂಭಾವಿತನನ್ನು ಹಿಡಿಯುವ ಕಾವಲುಗಾರ ಇದ್ದೂ ಪ್ರಯೋಜನವಿಲ್ಲ. ಜೇನಿನ ಮನೆಪರೀಕ್ಷೆಗಳು ಈ ಎರಡೂ ಕೆಲಸಗಳಲ್ಲಿ ಸೋಲುತ್ತವೆ. ಏಕೆಂದು ತಿಳಿಯಲು ಜೇನು ಎಂದರೇನು ಎಂಬುದನ್ನು ನೆನಪಿಸಿಕೊಳ್ಳಬೇಕು.

ಹೂವಿನ ಮಕರಂದದಲ್ಲಿ ನೀರೇ ಹೆಚ್ಚು. ಸಕ್ಕರೆ ಬಹುಮಟ್ಟಿಗೆ ಸುಕ್ರೋಸ್ ರೂಪದಲ್ಲಿರುತ್ತದೆ. ಜೇನ್ನೊಣ ಅದಕ್ಕೆ ಇನ್ವರ್ಟೇಸ್ ಎಂಬ ಕಿಣ್ವವನ್ನು ಸೇರಿಸಿ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ರೆಕ್ಕೆ ಬೀಸಿ ನೀರನ್ನು ಆವಿಯಾಗಿಸುತ್ತದೆ. ನೀರಿನ ಅಂಶ ಸುಮಾರು ಶೇಕಡ 20ಕ್ಕೆ ಇಳಿದಾಗ ಎರಿಯ ಕೋಣೆಗೆ ಮೇಣದ ಮುಚ್ಚಳ ಹಾಕುತ್ತದೆ. ಹೀಗೆ ಮಾಗಿದ ಜೇನಿನಲ್ಲಿ ಸುಮಾರು ಐದನೆಯ ನಾಲ್ಕು ಭಾಗ ಸಕ್ಕರೆಗಳೇ. ಉಳಿದದ್ದು ನೀರು, ಸ್ವಲ್ಪ ಆಮ್ಲ, ಕಿಣ್ವ, ಖನಿಜ, ಪರಾಗ. ನಾವು ಜೇನನ್ನು ಜೇನೆಂದು ಗುರುತಿಸುವುದು ಈ ಅತ್ಯಲ್ಪ ಭಾಗದಿಂದ. ಮನೆಪರೀಕ್ಷೆಗಳು ಅದರ ಹತ್ತಿರವೂ ಸುಳಿಯುವುದಿಲ್ಲ.

ನೀರಿನ ಲೋಟದ ಪರೀಕ್ಷೆ ಅಳೆಯುವುದು ಸಾಂದ್ರತೆ ಮತ್ತು ಸ್ನಿಗ್ಧತೆಯನ್ನು, ಅಂದರೆ ದ್ರವ ಎಷ್ಟು ಭಾರ, ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಮನೆಯಲ್ಲಿ ಕಾಯಿಸಿದ ಸಕ್ಕರೆಪಾಕ ತಣ್ಣಗಾದ ಮೇಲೆ ಅದರಲ್ಲಿ ಕರಗಿ ನಿಲ್ಲುವ ಸಕ್ಕರೆ ತೂಕದಲ್ಲಿ ಸುಮಾರು ಶೇಕಡ 67 ಮಾತ್ರ. ಹೆಚ್ಚಿದ್ದರೆ ಹರಳಾಗಿ ಕೆಳಗೆ ಕೂರುತ್ತದೆ. ಆದ್ದರಿಂದ ಅಂಥ ಪಾಕ ಜೇನಿಗಿಂತ ತೆಳ್ಳಗಿದ್ದು ನೀರಿನಲ್ಲಿ ಬೇಗ ಚದುರುತ್ತದೆ. ಒಲೆಯ ಮೇಲೆ ಪಾಕ ಮಾಡಿ ಬೆರೆಸುತ್ತಿದ್ದ ಕಾಲದ ಮೋಸಗಾರನನ್ನು ಈ ಪರೀಕ್ಷೆ ಹಿಡಿದಿರಬಹುದು. ಇಂದಿನ ಕಲಬೆರಕೆಗೆ ಬಳಸುವುದು ಕಾರ್ಖಾನೆಯಲ್ಲಿ ತಯಾರಾದ ಗ್ಲೂಕೋಸ್–ಫ್ರಕ್ಟೋಸ್ ಪಾಕ. ಅದನ್ನು ಜೇನಿನಷ್ಟೇ ಗಟ್ಟಿಯಾಗಿ, ಜೇನಿನಷ್ಟೇ ಭಾರವಾಗಿ ತಯಾರಿಸಬಹುದು. ಅದರ ತೊಟ್ಟೂ ಲೋಟದ ತಳಕ್ಕೆ ನೇರವಾಗಿ ಇಳಿಯುತ್ತದೆ.

ಬೆಂಕಿಕಡ್ಡಿ, ಬತ್ತಿ, ಕಾಗದ, ಬಟ್ಟೆ ಇವೆಲ್ಲವೂ ಇದೇ ಜಾತಿಯವು. ಜೇನಿನಲ್ಲಿ ಇರುವ ಅಲ್ಪ ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದಿಟ್ಟುಕೊಂಡಿರುವುದರಿಂದ ಕಡ್ಡಿಯ ತುದಿ ನೆನೆಯುವುದಿಲ್ಲ, ಕಾಗದ ಒದ್ದೆಯಾಗುವುದಿಲ್ಲ. ಅಷ್ಟೇ ಗಟ್ಟಿಯಾದ ಯಾವ ಪಾಕದಲ್ಲಿ ಅದ್ದಿದರೂ ಫಲಿತಾಂಶ ಅದೇ.

ಸುಣ್ಣದ ಪರೀಕ್ಷೆಗೂ ವಿಶೇಷವಿಲ್ಲ. ಸುಣ್ಣ ಕ್ಷಾರ, ಅದು ಆಮ್ಲದೊಂದಿಗೂ ಸಕ್ಕರೆಗಳೊಂದಿಗೂ ವರ್ತಿಸುತ್ತದೆ. ಕಾರ್ಖಾನೆಯ ಪಾಕದಲ್ಲಿ ಇರುವುದೂ ಅವೇ ಗ್ಲೂಕೋಸ್, ಫ್ರಕ್ಟೋಸ್. ನಾಯಿ, ಇರುವೆಗಳ ವಿಷಯದಲ್ಲಿ ತರ್ಕವೇ ಬೇಡ. ಜೇನುಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು ಏಕೆಂದು ಸಾಕುವವರನ್ನು ಕೇಳಿ. ಇರುವೆ ಹತ್ತದಿರಲಿ ಎಂದೇ! ಇನ್ನು ತಟ್ಟೆಯಲ್ಲಿ ಮೂಡುವ ಗೂಡಿನ ಚಿತ್ರ. ಅದು ಸಾಂದ್ರತೆ ಬೇರೆ ಬೇರೆ ಇರುವ ಎರಡು ದ್ರವಗಳು ಒಂದರ ಮೇಲೊಂದು ಹರಿಯುವಾಗ ಉಂಟಾಗುವ ವಿನ್ಯಾಸ. ಮೇಣದಿಂದ ಗೂಡು ಕಟ್ಟಿದ್ದು ನೊಣ. ಜೇನು ಆ ಗೂಡಿನಲ್ಲಿ ತುಂಬಿದ್ದ ದ್ರವ ಮಾತ್ರ. ಅದಕ್ಕೆ ಗೂಡಿನ ನೆನಪು ಇರಲಾರದು.

ದಂಡ ತೆರುವವರು ಯಾರು?

ಮೋಸಗಾರನ ಗಟ್ಟಿ ಪಾಕ ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತದೆ. ಹಾಗಾದರೆ ನಪಾಸಾಗುವವರು ಯಾರು? ಇಲ್ಲಿಯೇ ನಿಜವಾದ ಅನ್ಯಾಯವಿರುವುದು.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಇದು ಬಯಲುಸೀಮೆ, ರಾಗಿಯ ನಾಡು. ಹೊಲದ ಬದುಗಳಲ್ಲಿ ಹೊಂಗೆ, ಹುಣಸೆ, ಬೇವು. ಅಲ್ಲಲ್ಲಿ ನೀಲಗಿರಿ ತೋಪು. ರಾಗಿಯ ಸಾಲುಗಳ ನಡುವೆ ಅವರೆ, ಹುಚ್ಚೆಳ್ಳು. ಇಂಥ ಕಡೆ ರೈತನೊಬ್ಬ ಹಿತ್ತಿಲಲ್ಲಿ ನಾಲ್ಕು ತುಡುವೆ ಪೆಟ್ಟಿಗೆ ಇಟ್ಟರೆ ಪೆಟ್ಟಿಗೆಗೆ ವರ್ಷಕ್ಕೆ ಕೆಲವೇ ಕಿಲೋ ಜೇನು ಸಿಕ್ಕೀತು. ಮಳೆಗಾಲದ ಹಸಿ ಗಾಳಿಯಲ್ಲಿ ತೆಗೆದ ತುಡುವೆ ಜೇನಿನ ನೀರಿನ ಅಂಶ ಶೇಕಡ 20ನ್ನು ದಾಟುವುದು ಅಪರೂಪವಲ್ಲ. ನಸರು ಜೇನಿನದು ಸ್ವಭಾವತಃ ಇನ್ನೂ ತೆಳು. ಇಂಥ ಜೇನು ನೀರಿನಲ್ಲಿ ಬೇಗ ಚದುರುತ್ತದೆ, ಕಾಗದವನ್ನು ನೆನೆಸುತ್ತದೆ. ಕೊಳ್ಳುವವರು 'ಡೂಪ್ಲಿಕೇಟು' ಎಂದು ತಿರುಗಿ ಹೋಗುತ್ತಾರೆ.

ಇನ್ನೊಂದು ತಪ್ಪು ತೀರ್ಪು ಚಳಿಗಾಲದ್ದು. ಧನುರ್ಮಾಸದ ಚಳಿಗೆ ಬಾಟಲಿಯ ತಳದಲ್ಲಿ ಹರಳು ಕಟ್ಟಿದರೆ 'ಸಕ್ಕರೆ ಬೆರೆಸಿದ್ದಾರೆ' ಎನ್ನುತ್ತಾರೆ. ಹರಳಾಗುವುದು ಗ್ಲೂಕೋಸ್. ಅದು ಫ್ರಕ್ಟೋಸ್‌ಗಿಂತ ಕಡಮೆ ಕರಗುವುದರಿಂದ, ಸುಮಾರು 14 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲ ಉಷ್ಣತೆಯಲ್ಲಿ ಬೇಗನೆ ಹರಳಾಗಿ ಬೇರ್ಪಡುತ್ತದೆ. ಸಾಸಿವೆ, ಸೂರ್ಯಕಾಂತಿ ಹೂಗಳ ಜೇನು ಇದಕ್ಕೆ ಹೆಸರಾದದ್ದು. ಫ್ರಕ್ಟೋಸ್ ಹೆಚ್ಚಿರುವ ಜೇನು ತಿಂಗಳುಗಟ್ಟಲೆ ನೀರಾಗಿಯೇ ಇರಬಹುದು. ಹರಳು ಕಟ್ಟುವುದು ಶುದ್ಧತೆಯ ಪುರಾವೆಯೂ ಅಲ್ಲ, ಕಲಬೆರಕೆಯ ಪುರಾವೆಯೂ ಅಲ್ಲ. ಬಾಟಲಿಯನ್ನು ಕೈ ತಾಳುವಷ್ಟು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಹರಳು ಕರಗುತ್ತದೆ. ಪೇಟೆಯ ಬಾಟಲಿಗಳ ಜೇನು ಸಾಮಾನ್ಯವಾಗಿ ಹರಳು ಕಟ್ಟದಿರುವುದಕ್ಕೆ ಒಂದು ಕಾರಣ ಅದನ್ನು ಕಾಯಿಸಿ ನುಣ್ಣಗೆ ಸೋಸಿರುವುದು.

ಹೀಗೆ ನಾಲ್ಕು ಪೆಟ್ಟಿಗೆಯ ಪ್ರಾಮಾಣಿಕ ಸಾಕಣೆದಾರ ಪರೀಕ್ಷೆಯಲ್ಲಿ ಸೋಲುತ್ತಾನೆ. ಪಾಕ ಬೆರೆಸಿದ ಬಾಟಲಿ ಗೆಲ್ಲುತ್ತದೆ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಅಪಾರ ಸಂಖ್ಯೆಯಲ್ಲಿ ನಾಶಮಾಡಿತು. ಅದರಿಂದ ಚೇತರಿಸಿಕೊಂಡು ಮತ್ತೆ ಪೆಟ್ಟಿಗೆ ಹಿಡಿದ ರೈತನನ್ನು ನಮ್ಮ ಬೆಂಕಿಕಡ್ಡಿ ಸೋಲಿಸಬಾರದು. ಏಕೆಂದರೆ ಪೆಟ್ಟಿಗೆ ಖಾಲಿಯಾದರೆ ನಷ್ಟ ಜೇನಿನದು ಮಾತ್ರವಲ್ಲ. ಹುಚ್ಚೆಳ್ಳು, ಸೂರ್ಯಕಾಂತಿ, ಕುಂಬಳದಂಥ ಬೆಳೆಗಳ ಪರಾಗಸ್ಪರ್ಶಕ್ಕೂ ಕುತ್ತು.

ಪ್ರಯೋಗಾಲಯವೂ ಬೆನ್ನಟ್ಟುತ್ತಲೇ ಇದೆ

'ಮನೆಪರೀಕ್ಷೆ ಬೇಡ, ಪ್ರಯೋಗಾಲಯ ಇದೆಯಲ್ಲ' ಎಂದು ನೀವು ಹೇಳಬಹುದು. ಅಲ್ಲಿಯೂ ಕಥೆ ಸರಳವಿಲ್ಲ. ಕಲಬೆರಕೆ ಮತ್ತು ಪರೀಕ್ಷೆಗಳ ನಡುವೆ ಬಹುಕಾಲದಿಂದ ಓಟದ ಪಂದ್ಯ ನಡೆದಿದೆ.

ಸಾಮಾನ್ಯ ಸಕ್ಕರೆ ಬೆರೆಸಿದರೆ ಸುಕ್ರೋಸ್ ಪ್ರಮಾಣ ಏರುತ್ತದೆ. ಸಾಮಾನ್ಯ ಜೇನಿಗೆ ಅದರ ಮಿತಿ ಶೇಕಡ 5, ಪತ್ತೆ ಸುಲಭ. ಆದ್ದರಿಂದ ಸಕ್ಕರೆಯನ್ನು ಆಮ್ಲದೊಂದಿಗೆ ಕಾಯಿಸಿ ಒಡೆದು ಬೆರೆಸತೊಡಗಿದರು. ಹಾಗೆ ಕಾಯಿಸಿದಾಗ ಎಚ್‌ಎಂಎಫ್ ಎಂಬ ಸಂಯುಕ್ತ ಹುಟ್ಟುತ್ತದೆ. ಫೀಹೆ ಪರೀಕ್ಷೆಯಲ್ಲಿ ರಿಸಾರ್ಸಿನಾಲ್ ಹಾಕಿದಾಗ ಮೂಡುವ ಕೆಂಪು ಬಣ್ಣ ಅದರ ಗುರುತು. ಆದರೆ ಶುದ್ಧ ಜೇನನ್ನು ಅತಿಯಾಗಿ ಕಾಯಿಸಿದರೂ, ಬಿಸಿಲಲ್ಲಿ ಬಹುಕಾಲ ಇಟ್ಟರೂ ಎಚ್‌ಎಂಎಫ್ ಏರುತ್ತದೆ. ನಮ್ಮ ಮಾನದಂಡದಲ್ಲಿ ಇದರ ಮಿತಿ ಕಿಲೋಗೆ 80 ಮಿಲಿಗ್ರಾಂ. ಇನ್ನು ಕಿಣ್ವ ಬಳಸಿ ತಯಾರಿಸಿದ ಪಾಕದಲ್ಲಿ ಎಚ್‌ಎಂಎಫ್ ಅಷ್ಟಾಗಿ ಇರುವುದೇ ಇಲ್ಲ.

ಮುಸುಕಿನ ಜೋಳದ ಪಾಕ ಬಂದಾಗ ವಿಜ್ಞಾನಿಗಳು ಸಸ್ಯಗಳ ದ್ಯುತಿಸಂಶ್ಲೇಷಣೆಯತ್ತ ತಿರುಗಿದರು. ಇದು ಸ್ವಾರಸ್ಯಕರ. ಕಬ್ಬು, ಮುಸುಕಿನ ಜೋಳ, ನಮ್ಮ ರಾಗಿ ಇವೆಲ್ಲ ಸಿ–4 ಬಗೆಯ ಸಸ್ಯಗಳು. ಹೊಂಗೆ, ಹುಣಸೆ, ನೀಲಗಿರಿ, ಅವರೆ, ಹುಚ್ಚೆಳ್ಳು ಮುಂತಾದವು ಸಿ–3 ಬಗೆಯವು. ಗಾಳಿಯ ಇಂಗಾಲವನ್ನು ಹಿಡಿಯುವಾಗ ಈ ಎರಡು ಬಗೆಗಳು ಇಂಗಾಲ–13 ಎಂಬ ಭಾರದ ಐಸೋಟೋಪನ್ನು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸಿಕೊಳ್ಳುತ್ತವೆ. ನೊಣಗಳು ಮಕರಂದ ತರುವ ಹೂಗಿಡಗಳು ಬಹುತೇಕ ಸಿ–3 ಬಗೆಯವಾದ್ದರಿಂದ ಜೇನಿನಲ್ಲಿ ಇಂಗಾಲ–13 ಕಡಮೆ. ಕಬ್ಬಿನ ಅಥವಾ ಜೋಳದ ಸಕ್ಕರೆ ಸೇರಿದರೆ ಅದು ಏರುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಜೊನಾಥನ್ ವೈಟ್ ಮತ್ತು ಲ್ಯಾಂಡಿಸ್ ಡೋನರ್ ಈ ತತ್ತ್ವವನ್ನು ಜೇನಿನ ಪರೀಕ್ಷೆಗೆ ಅಳವಡಿಸಿದರು. ಸಿ–4 ಸಕ್ಕರೆ ಶೇಕಡ 7ನ್ನು ಮೀರಬಾರದೆಂಬ ಇಂದಿನ ನಿಯಮದ ಮೂಲ ಇದು.

ಇದಕ್ಕೂ ಉತ್ತರ ಸಿದ್ಧವಾಯಿತು. ಭತ್ತ ಸಿ–3 ಸಸ್ಯ! ಅಕ್ಕಿಯಿಂದ ತಯಾರಿಸಿದ ಪಾಕ ಬೆರೆಸಿದರೆ ಐಸೋಟೋಪ್ ಪರೀಕ್ಷೆಗೆ ಕಾಣುವುದಿಲ್ಲ. ಅಕ್ಕಿಪಾಕದ ಕುರುಹುಗಳನ್ನು, ಹೊರಗಿನ ಆಲಿಗೋಸ್ಯಾಕರೈಡ್‌ಗಳನ್ನು ಹುಡುಕುವ ಪರೀಕ್ಷೆಗಳು ಬಂದವು. ಆ ಪರೀಕ್ಷೆಗಳಿಗೂ ಸಿಗದಂತೆ ಸಿದ್ಧಪಡಿಸಿದ ಪಾಕಗಳು ಬೆನ್ನಿಗೇ ಬಂದವು.

2020ರ ಡಿಸೆಂಬರ್ 2ರಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪ್ರಕಟಿಸಿದ ವರದಿ ಈ ಓಟದ ಸ್ಥಿತಿಯನ್ನು ಬಯಲಿಗಿಟ್ಟಿತು. ಕೇಂದ್ರ 13 ಬ್ರಾಂಡುಗಳ 22 ಮಾದರಿಗಳನ್ನು ಪರೀಕ್ಷಿಸಿತು. ಗುಜರಾತಿನ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಲಿಯ ಪ್ರಯೋಗಾಲಯದಲ್ಲಿ ಹೆಸರಾಂತ ಬ್ರಾಂಡುಗಳು ಬಹುಮಟ್ಟಿಗೆ ತೇರ್ಗಡೆಯಾದವು. ಜರ್ಮನಿಯಲ್ಲಿ ಪರಮಾಣು ಕಾಂತೀಯ ಅನುರಣನ, ಅಂದರೆ ಎನ್‌ಎಂಆರ್ ವಿಧಾನವೂ ಸೇರಿದಂತೆ ನೋಡಿದಾಗ ಎಲ್ಲ ಪರೀಕ್ಷೆಗಳಲ್ಲೂ ಗೆದ್ದ ಮಾದರಿಗಳು ಐದು ಮಾತ್ರ. ಕೇಂದ್ರದವರು ತಾವೇ ಶುದ್ಧ ಜೇನಿಗೆ ಶೇಕಡ 25 ಮತ್ತು 50ರಷ್ಟು ಪಾಕ ಬೆರೆಸಿ ಕಳಿಸಿದ ಮಾದರಿಗಳೂ ದೇಶದ ನಿಗದಿತ ಪರೀಕ್ಷೆಗಳನ್ನು ದಾಟಿದವು. ಕಂಪನಿಗಳು ಆರೋಪವನ್ನು ಅಲ್ಲಗಳೆದು, ತಮ್ಮ ಜೇನು ಎಫ್‌ಎಸ್‌ಎಸ್‌ಎಐ ಮಾನದಂಡಕ್ಕೆ ಸರಿಯಾಗಿದೆ ಎಂದವು. ಎರಡು ಹೇಳಿಕೆಗಳೂ ಒಟ್ಟಿಗೆ ನಿಜವಾಗಿರಲು ಸಾಧ್ಯ ಎಂಬುದೇ ಇಲ್ಲಿನ ಚಿಂತೆಯ ವಿಷಯ! ಅದೇ 2020ರ ಆಗಸ್ಟ್‌ನಿಂದ ಅಮೆರಿಕಕ್ಕೆ ರಫ್ತಾಗುವ ಜೇನಿಗೆ ಸರ್ಕಾರ ಎನ್‌ಎಂಆರ್ ಕಡ್ಡಾಯ ಮಾಡಿತ್ತು; ಆಗ ನಮ್ಮ ಅಂಗಡಿಯ ಜೇನಿಗೆ ಆ ನಿಯಮ ಇರಲಿಲ್ಲ.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. 2023ರಲ್ಲಿ ಪ್ರಕಟವಾದ ಐರೋಪ್ಯ ಆಯೋಗದ ತನಿಖೆಯಲ್ಲಿ, ಹೊರಗಿನಿಂದ ಆಮದಾದ 320 ಮಾದರಿಗಳಲ್ಲಿ 147 ಸಂಶಯಾಸ್ಪದವೆಂದು ಕಂಡುಬಂದವು.

ಎನ್‌ಎಂಆರ್ ಕೂಡ ಅಂತಿಮ ತೀರ್ಪುಗಾರನಲ್ಲ. ಅದು ಜೇನಿನ ರೋಹಿತವನ್ನು ಸಾವಿರಾರು ಶುದ್ಧ ಮಾದರಿಗಳ ಸಂಗ್ರಹದೊಂದಿಗೆ ಹೋಲಿಸುತ್ತದೆ. ಆ ಸಂಗ್ರಹದಲ್ಲಿ ನಮ್ಮ ತುಡುವೆ, ಹೆಜ್ಜೇನು, ನಸರು ಜೇನುಗಳು ಎಷ್ಟಿವೆ ಎಂಬುದರ ಮೇಲೆ ತೀರ್ಪಿನ ಬೆಲೆ ನಿಂತಿದೆ. ಹೊಂಗೆಯ ಜೇನನ್ನೇ ಎಂದೂ ನೋಡದ ಯಂತ್ರ ಅದನ್ನು ಗುರುತಿಸುವುದಾದರೂ ಹೇಗೆ? ಆದ್ದರಿಂದ ನಮ್ಮ ಕೃಷಿ ವಿಶ್ವವಿದ್ಯಾಲಯಗಳು, ಮೈಸೂರಿನ ಸಿಎಫ್‌ಟಿಆರ್‌ಐ ಮುಂತಾದ ಸಂಸ್ಥೆಗಳು ಸೇರಿ ಕರ್ನಾಟಕದ ಜೇನುಗಳ ಆಧಾರಸಂಗ್ರಹವನ್ನು ಬೆಳೆಸುವುದು ಕೈಪಿಡಿ ಹಂಚುವುದಕ್ಕಿಂತ ಹೆಚ್ಚು ಉಪಯುಕ್ತ.

ಹಾಗಾದರೆ ಕೊಳ್ಳುವುದು ಹೇಗೆ?

ನೀವು ಬಾಟಲಿಯನ್ನು ನೋಡಿ ಶುದ್ಧತೆಯನ್ನು ಹೇಳಲಾರಿರಿ. ಆದರೆ ಜೇನು ಬಂದ ದಾರಿಯನ್ನು ವಿಚಾರಿಸಬಲ್ಲಿರಿ. ಸಾಕುವವರಿಂದಲೇ ಕೊಳ್ಳುವುದಾದರೆ ಈ ಪ್ರಶ್ನೆಗಳನ್ನು ಕೇಳಿ.

1. ಯಾವ ನೊಣದ ಜೇನು? 'ನಮ್ಮ ಪೆಟ್ಟಿಗೆಯ ಹೆಜ್ಜೇನು' ಎಂದರೆ ಎಚ್ಚರ. ಹೆಜ್ಜೇನು ಬಯಲಲ್ಲಿ ಒಂದೇ ಎರಿ ಕಟ್ಟುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಪೆಟ್ಟಿಗೆಯ ಜೇನು ತುಡುವೆಯದು ಅಥವಾ ಯೂರೋಪಿನ ಮೆಲ್ಲಿಫೆರಾ ನೊಣದ್ದು.

2. ಯಾವ ತಿಂಗಳಲ್ಲಿ ತೆಗೆದದ್ದು, ಆಗ ಏನು ಹೂ ಬಿಟ್ಟಿತ್ತು? ಹೂವಿಲ್ಲದ ದಿನಗಳಲ್ಲಿ ಕುಟುಂಬ ಉಳಿಸಲು ಸಕ್ಕರೆಪಾಕ ಕೊಡುವುದು ಒಪ್ಪಿತ ಪದ್ಧತಿ. ಆದರೆ ಆ ಪಾಕವೇ ಎರಿಗೆ ಸೇರಿ 'ಜೇನು' ಆಗಿ ಹೊರಬಂದರೆ ಅದು ನೊಣದ ಮೂಲಕ ನಡೆದ ಕಲಬೆರಕೆ. ಪಾಕ ಕೊಡುವ ಕಾಲದಲ್ಲಿ ಜೇನು ತೆಗೆಯುವುದಿಲ್ಲ ಎನ್ನುವವನು ತಿಳಿದವನು.

3. ಎರಿಗೆ ಮುಚ್ಚಳ ಬಿದ್ದ ಮೇಲೆ ತೆಗೆದಿರಾ? ಮುಚ್ಚಳ ಬೀಳುವ ಮುನ್ನ ತೆಗೆದದ್ದು ಬೇಗ ಹುಳಿಯುತ್ತದೆ.

4. ಹಿಂಡಿದ್ದೋ, ಯಂತ್ರದಲ್ಲಿ ತೆಗೆದದ್ದೋ? ಜೇನು ಕೋಣೆಯ ಎರಿಗಳನ್ನು ಮಾತ್ರ ಯಂತ್ರಕ್ಕೆ ಹಾಕಿ ತಿರುಗಿಸಿದರೆ ಮರಿಗಳೂ ಎರಿಯೂ ಉಳಿಯುತ್ತವೆ, ಜೇನೂ ಶುಚಿ.

ಬಕೆಟ್ಟಿನಲ್ಲಿ ಎರಿ ತೇಲಿಸಿಕೊಂಡು ಮನೆಬಾಗಿಲಿಗೆ ಬರುವ ಜೇನಿನ ವಿಷಯದಲ್ಲಿ ಎರಿಯನ್ನು ಸಾಕ್ಷಿಯಾಗಿ ನಂಬಬೇಡಿ. ಪಾಕದಲ್ಲೂ ಎರಿ ತೇಲುತ್ತದೆ. ಮಾರಿದವರು ನಾಳೆ ಎಲ್ಲಿ ಸಿಗುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ. ಜೇನು ಸಾಕಣೆದಾರರ ಸಹಕಾರ ಸಂಘಗಳ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಲ್ಯಾಂಪ್ಸ್ ಸಂಘದಂಥ ಸಂಸ್ಥೆಗಳ ಜೇನಿಗೆ ಒಂದು ವಿಳಾಸವಿದೆ, ಉತ್ತರ ಹೇಳುವವರಿದ್ದಾರೆ. ಸಾಸಲಿನ ಸುತ್ತಿನವರಿಗೆ ಇದೇ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರಿನ ಜಿಕೆವಿಕೆಯ ಜೇನುಕೃಷಿ ವಿಭಾಗ ದೂರವೇನಲ್ಲ. ಸುತ್ತಲಿನ ಸಾಕಣೆದಾರರ ಬಗ್ಗೆ ಅಲ್ಲಿ ವಿಚಾರಿಸಬಹುದು.

ಅಂಗಡಿಯ ಬಾಟಲಿಯಾದರೆ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ದಿನಾಂಕ, 14 ಅಂಕಿಗಳ ಪರವಾನಗಿ ಸಂಖ್ಯೆ ನೋಡಿ. ಆದರೆ ಪರವಾನಗಿ ಎಂದರೆ ವ್ಯಾಪಾರಕ್ಕೆ ಅನುಮತಿ; ನಿಮ್ಮ ಕೈಯಲ್ಲಿರುವ ಬಾಟಲಿಗೆ ಕೊಟ್ಟ ಪ್ರಮಾಣಪತ್ರವಲ್ಲ. 'ಕಾಡು', 'ನೈಸರ್ಗಿಕ', 'ರಾ' ಎಂಬ ದಪ್ಪಕ್ಷರಗಳಿಗಿಂತ ಬ್ಯಾಚಿನ ಪರೀಕ್ಷಾ ವರದಿ ಕೇಳುವುದು ಲೇಸು.

ಮನೆಯಲ್ಲಿ ಮಾಡಬಹುದಾದ ಒಂದು ಉಪಯುಕ್ತ ಕೆಲಸ ತೂಕ. ಜೇನಿನ ಸಾಪೇಕ್ಷ ಸಾಂದ್ರತೆ ಕನಿಷ್ಠ 1.35 ಇರಬೇಕು, ಚೆನ್ನಾಗಿ ಮಾಗಿದ ಜೇನಿನದು ಸುಮಾರು 1.4. ಅಂದರೆ 750 ಮಿಲಿಲೀಟರ್ ಬಾಟಲಿಯ ತುಂಬ ನೀರು 750 ಗ್ರಾಂ ತೂಗಿದರೆ ಜೇನು ಸುಮಾರು 1,050 ಗ್ರಾಂ ತೂಗಬೇಕು. 1,010 ಗ್ರಾಂಗಿಂತ ಕಡಮೆಯಿದ್ದರೆ ನೀರು ಹೆಚ್ಚಿದೆ, ಜೇನು ಬಹುಕಾಲ ಉಳಿಯದು. ಸರಿಯಾಗಿ ತೂಗಿದರೆ ಗಟ್ಟಿಯಾಗಿದೆ ಎಂದಷ್ಟೇ ಅರ್ಥ, ಶುದ್ಧವೆಂದಲ್ಲ. ಬಾಟಲಿ ಲೆಕ್ಕದಲ್ಲಿ ಕೊಳ್ಳುವ ಬದಲು ಕಿಲೋ ಲೆಕ್ಕದಲ್ಲಿ ಕೊಳ್ಳುವುದಕ್ಕೂ ಇದು ಕಾರಣ.

ಸಂಶಯ ಬಲವಾಗಿದ್ದರೆ ಕಾನೂನಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೆಯ ವಿಧಿಯಂತೆ ಯಾವುದೇ ಗ್ರಾಹಕ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಆ ಉದ್ದೇಶವನ್ನು ಮಾರುವವರಿಗೆ ತಿಳಿಸಬೇಕು. ಲೋಪ ಸಾಬೀತಾದರೆ ಶುಲ್ಕ ಹಿಂದಿರುಗುತ್ತದೆ. ಬೆಂಕಿಕಡ್ಡಿಯ ಪಕ್ಕದಲ್ಲಿ ಈ ವಿಧಿಯನ್ನೂ ಶಿಬಿರಗಳಲ್ಲಿ ಹೇಳಿಕೊಡಬೇಕಲ್ಲವೇ?

ಶುದ್ಧ ಜೇನಿಗೂ ಮಿತಿಯಿದೆ

ಜೇನು ಅಪ್ಪಟವಾಗಿದ್ದರೂ ಎರಡು ಎಚ್ಚರಿಕೆ ಬೇಕು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿ ನಮ್ಮಲ್ಲಿದೆ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಇರಬಹುದು. ದೊಡ್ಡವರಿಗೆ ಇವು ತೊಂದರೆ ಕೊಡುವುದಿಲ್ಲ. ಎಳೆಯ ಮಗುವಿನ ಕರುಳಿನಲ್ಲಿ ಬೆಳೆದು ನರಗಳನ್ನು ಕುಂದಿಸುವ ವಿಷವನ್ನು ಉಂಟುಮಾಡಬಲ್ಲವು. ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೊಡಲೇಬಾರದು. ಇನ್ನು ಸಕ್ಕರೆ ಕಾಯಿಲೆಯವರಿಗೆ ಜೇನೂ ಸಕ್ಕರೆಯೇ. 'ಶುದ್ಧ' ಎಂಬ ಮಾತು ರಕ್ತದ ಗ್ಲೂಕೋಸಿಗೆ ತಿಳಿಯುವುದಿಲ್ಲ.

ಶಿಕ್ಷಕ ಮಿತ್ರರಲ್ಲಿ ಒಂದು ಸಲಹೆ. ಬತ್ತಿ ಉರಿಸುವ ಬದಲು ಎರಡು ಚಮಚ ಜೇನನ್ನು ನಾಲ್ಕು ಚಮಚ ಬೆಚ್ಚಗಿನ ನೀರಿನಲ್ಲಿ ಕಲಸಿ ರಾತ್ರಿಯಿಡೀ ಬಿಡಿ. ತಳದ ಗಸಿಯ ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ತೋರಿಸಿ. ಊರಿನ ಹೊಂಗೆ, ಹುಣಸೆ, ಹುಚ್ಚೆಳ್ಳು ಹೂಗಳ ಪರಾಗವನ್ನು ಪಕ್ಕದಲ್ಲಿಟ್ಟು ಹೋಲಿಸಲು ಹೇಳಿ. ಜೇನು ಶುದ್ಧವೋ ಅಲ್ಲವೋ ಎಂಬ ತೀರ್ಪು ಇದರಿಂದಲೂ ಸಿಗದು. ಪಾಕಕ್ಕೆ ಪರಾಗ ಬೆರೆಸಲೂಬಹುದು. ಆದರೆ ಯಾವ ಹೂವಿನಿಂದ ಏನು ಬಂತು ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಒಂದು ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಬೇರ್ಪಡಿಸಿ ನೋಡುವುದನ್ನೂ ಕಲಿಯುತ್ತಾರೆ.